ಓ ನೆಗೆಟಿವ್ ತಾಯಿ, ಮತ್ತೊಂದು ಬಸಿರು, ಮತ್ತೆ ಕಾಮಾಲೆಯ ಭಯ

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನವಳು, ವಯಸ್ಸು 26. ಈಗ ಆರು ತಿಂಗಳ ಬಸುರಿ. ನನ್ನ ರಕ್ತ ಓ ನೆಗೆಟಿವ್, ನಮ್ಮ ಯಜಮಾನರದು ಬಿ ಪಾಸಿಟಿವ್. ಅವರು ನನ್ನ ಸೋದರಮಾವನ ಮಗ. ಮೊದಲನೇ ಮಗಳಿಗೆ ಈಗ ನಾಲ್ಕು ವರ್ಷ, ಅವಳದೂ ಬಿ ಪಾಸಿಟಿವ್. ಹುಟ್ಟಿದ ಎರಡನೇ ದಿನ ಕಾಮಾಲೆ ಬಂದು ಮೂರು ದಿನ ಲೈಟಿನಲ್ಲಿ ಇಟ್ಟಿದ್ದರು. ಈಗ ಚೆನ್ನಾಗಿದ್ದಾಳೆ. ನಡುವೆ ಒಂದು ಸಲ ಮೂರು ತಿಂಗಳು ತುಂಬುವ ಹೊತ್ತಿಗೆ ಅಬಾರ್ಷನ್ ಆಗಿ ಕ್ಲೀನ್ ಮಾಡಿಸಿದ್ದೆವು. ಈಗ ಡಾಕ್ಟರು ಐಸಿಟಿ ಅಂತ ಒಂದು ರಕ್ತಪರೀಕ್ಷೆ ಬರೆದುಕೊಟ್ಟು, ಏಳು ತಿಂಗಳು ತುಂಬಿದಾಗ ಒಂದು ಇಂಜೆಕ್ಷನ್ ಬೇಕಾಗುತ್ತೆ ಅಂದಿದ್ದಾರೆ. ನಮ್ಮತ್ತೆ "ಗಂಡ ಹೆಂಡ್ತಿ ರಕ್ತ ಕೂಡಲ್ಲ, ಈ ಮಗೂಗೂ ಹಂಗೇ ಆಗುತ್ತೆ" ಅಂತಾರೆ. ಪಕ್ಕದ ಮನೆಯವರು ಹುಟ್ಟಿದ ಕೂಡಲೇ ಕತ್ತೆ ಹಾಲು ಕುಡಿಸಿದರೆ ಕಾಮಾಲೆ ಬರಲ್ಲ, ಬಂದರೆ ಹೊಟ್ಟೆ ಮೇಲೆ ಬರೆ ಹಾಕಿಸಿದರಾಯಿತು ಅಂತಾರೆ. ಬೆಳಗಿನ ಬಿಸಿಲಿಗೆ ಹಿಡಿದರೆ ಸಾಲದಾ? ಈ ಮಗು ಉಳಿಯುತ್ತಾ? ಹೆರಿಗೆ ಮಧುಗಿರಿಯಲ್ಲೇ ಮಾಡಿಸಬಹುದಾ, ಬೆಂಗಳೂರಿಗೇ ಹೋಗಬೇಕಾ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮಗಳ ಕಾಮಾಲೆಯನ್ನು ದಿನದ ಲೆಕ್ಕ ಸಮೇತ ಬರೆದಿದ್ದೀರಿ. ನಡುವೆ ಹೋದ ಬಸಿರಿಗೆ ಒಂದೇ ಸಾಲು. ನನ್ನ ಕಣ್ಣು ನಿಂತದ್ದು ಆ ಒಂದು ಸಾಲಿನ ಮೇಲೆ. ಯಾಕೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿರುವ ಪ್ರಶ್ನೆಗೆ ಉತ್ತರ: ಈ ಮಗು ಉಳಿಯುವ, ಚೆನ್ನಾಗಿ ಬೆಳೆಯುವ ಸಾಧ್ಯತೆಯೇ ಬಹಳ ಹೆಚ್ಚು. ಪರೀಕ್ಷೆಯ ಫಲಿತಾಂಶ ನಾವು ಬಯಸಿದಂತೆ ಬರದೆ ಹೋದರೂ ಈ ಮಾತು ನಿಲ್ಲುತ್ತದೆ. ಆದರೆ ಅದು ತಾನಾಗಿ ಆಗುವುದಿಲ್ಲ. ನಾಲ್ಕೈದು ಕೆಲಸಗಳು ಹೊತ್ತಿಗೆ ಸರಿಯಾಗಿ ಆಗಬೇಕು.

ಅತ್ತೆಯವರ ಮಾತಿನಿಂದ ಶುರು ಮಾಡೋಣ. ಗಂಡ ಹೆಂಡತಿಯ ರಕ್ತ ಕೂಡುವ ಪ್ರಸಂಗವೇ ಇಲ್ಲ, ಹಾಗಾಗಿ ಕೂಡದೆ ಇರುವ ಪ್ರಶ್ನೆಯೂ ಇಲ್ಲ. ಜಾತಕದ ಜೊತೆ ರಕ್ತದ ಗುಂಪನ್ನೂ ನೋಡಿ ಮದುವೆ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ, ಅದು ದೊಡ್ಡ ಅನ್ಯಾಯ. ವಿಷಯ ಇರುವುದು ತಾಯಿಗೂ ಹೊಟ್ಟೆಯೊಳಗಿನ ಮಗುವಿಗೂ ನಡುವೆ. ಕೆಂಪು ರಕ್ತಕಣದ ಮೈಮೇಲೆ ಡಿ ಎಂಬ ಒಂದು ಗುರುತು ಇರುತ್ತದೆ. ಅದು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಐದಾರು ಮಂದಿ ನೆಗೆಟಿವ್. ಅದು ರೋಗವಲ್ಲ, ಕೊರತೆಯೂ ಅಲ್ಲ. ನಿಮ್ಮ ಮಗು ಅಪ್ಪನ ಕಡೆಯಿಂದ ಆ ಗುರುತು ಪಡೆದು ಪಾಸಿಟಿವ್ ಆಗಿದ್ದರೆ, ಅದರ ಕೆಲವು ಹನಿ ರಕ್ತ ನಿಮ್ಮ ರಕ್ತಕ್ಕೆ ಸೇರಿದಾಗ ನಿಮ್ಮ ದೇಹ "ಇದು ನನ್ನದಲ್ಲ" ಎಂದು ಗುರುತಿಸುತ್ತದೆ, ಅದನ್ನು ಒಡೆಯಲು ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ಸಾಮಾನ್ಯವಾಗಿ ಹೀಗೆ ರಕ್ತ ಸೇರುವುದು ಹೆರಿಗೆಯಾಗಿ ಮಾಸು, ನಮ್ಮ ಕಡೆ ಕಸ ಅನ್ನುತ್ತಾರಲ್ಲ, ಅದು ಬೀಳುವ ಹೊತ್ತಿನಲ್ಲಿ. ದೇಹ ಈ ಪಾಠ ಕಲಿಯುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಷ್ಟರಲ್ಲಿ ಮೊದಲ ಮಗು ಹೊರಗೆ ಬಂದು ತೊಟ್ಟಿಲಲ್ಲಿ ಮಲಗಿರುತ್ತದೆ. ಅದಕ್ಕೇ ಚೊಚ್ಚಲ ಮಗುವಿಗೆ ಈ ಕಾರಣದಿಂದ ತೊಂದರೆಯಾಗುವುದು ತೀರಾ ಅಪರೂಪ. ತೊಂದರೆ ಮುಂದಿನ ಪಾಸಿಟಿವ್ ಮಗುವಿಗೆ. ಕಲಿತ ಪಾಠವನ್ನು ದೇಹ ಮರೆಯುವುದಿಲ್ಲ. ಆ ಪ್ರತಿಕಾಯಗಳು ಮಾಸನ್ನು ದಾಟಿ ಹೋಗಿ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ, ಮಗುವಿಗೆ ಹೊಟ್ಟೆಯೊಳಗೇ ರಕ್ತಹೀನತೆ ಆಗುತ್ತದೆ.

ಹಾಗಾದರೆ ನಿಮ್ಮ ಮಗಳಿಗೆ ಕಾಮಾಲೆ ಬಂದದ್ದೇಕೆ? ಅವಳ ದಾಖಲೆ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನನ್ನ ಊಹೆ, ಅದು ನೆಗೆಟಿವ್–ಪಾಸಿಟಿವ್ ಗಲಾಟೆಯಲ್ಲ, ಓ–ಬಿ ಗಲಾಟೆ. ಓ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಗುಂಪಿಗೆ ವಿರುದ್ಧವಾದ ಪ್ರತಿಕಾಯಗಳು ಮೊದಲಿಂದಲೇ ಇರುತ್ತವೆ, ಅದಕ್ಕೆ ಯಾವ ಬಸಿರೂ ಬೇಕಿಲ್ಲ. ಹಾಗಾಗಿ ಓ ತಾಯಿಯ ಬಿ ಮಗುವಿಗೆ ಚೊಚ್ಚಲಲ್ಲೇ ಕಾಮಾಲೆ ಬರಬಹುದು. ಬಂದರೂ ಸಾಮಾನ್ಯವಾಗಿ ಎರಡು ಮೂರು ದಿನದ ಬೆಳಕಿನ ಚಿಕಿತ್ಸೆಗೆ ಇಳಿಯುತ್ತದೆ, ಬಸಿರಿನಿಂದ ಬಸಿರಿಗೆ ಜೋರಾಗುತ್ತಾ ಹೋಗುವುದೂ ಇಲ್ಲ. ಇನ್ನೊಂದು ಸಮಾಧಾನದ ಮಾತು ಇದೆ. ಬಿ ಗುಂಪಿನ ಮಗುವಿನ ರಕ್ತಕಣ ನಿಮ್ಮೊಳಗೆ ಬಂದ ಕೂಡಲೇ ಈ ಹಳೆಯ ಪ್ರತಿಕಾಯಗಳು ಅದನ್ನು ಒಡೆದು ಹಾಕುತ್ತವೆ, ದೇಹಕ್ಕೆ ಡಿ ಗುರುತನ್ನು ಕಲಿಯಲು ಪುರಸೊತ್ತೇ ಸಿಗುವುದಿಲ್ಲ. ಅಂದರೆ ಮಗಳಿಗೆ ಕಾಮಾಲೆ ತಂದ ಅದೇ ಗುಣ ಈ ಮಗುವಿಗೆ ಸ್ವಲ್ಪ ಕಾವಲು ಕೊಟ್ಟಿದೆ. ಅದು ಪೂರ್ತಿ ಕಾವಲಲ್ಲ, ಅದರ ಮೇಲೆ ಭಾರ ಹಾಕಿ ಕೂರುವಂತಿಲ್ಲ.

ಈಗ ಆ ಒಂದು ಸಾಲಿಗೆ ಬರುತ್ತೇನೆ. ಅಬಾರ್ಷನ್ ಆಗುವಾಗಲೂ, ಅದರಲ್ಲೂ ಉಪಕರಣ ಹಾಕಿ ಗರ್ಭಕೋಶ ಕ್ಲೀನ್ ಮಾಡುವಾಗ, ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಬಹುದು. ಆಗಲೂ ಆಂಟಿ-ಡಿ ಇಂಜೆಕ್ಷನ್, ಅಂದರೆ ನಿಮ್ಮ ಡಾಕ್ಟರು ಈಗ ಹೇಳಿರುವ ಅದೇ ಇಂಜೆಕ್ಷನ್, ಕೊಡಬೇಕು. ಹೆರಿಗೆಯಾದಾಗ ಈ ಇಂಜೆಕ್ಷನ್ ನೆನಪಿಡುವವರು ಅಬಾರ್ಷನ್ ಆದಾಗ ಮರೆಯುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ದುಃಖದ ಹೊತ್ತು, ಮನೆಗೆ ಹೋದರೆ ಸಾಕು ಎನ್ನಿಸಿರುತ್ತದೆ, ಯಾರೂ ಚೀಟಿ ಓದುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಮುಂದಿನ ಬಸಿರಿನಲ್ಲಿ ಆ ವಿಷಯ ಬಾಯಿಬಿಡುವುದೂ ಇಲ್ಲ. ಒಂದು ಕೆಲಸ ಮಾಡಿ. ನಿಮ್ಮ ತಾಯಿ ಕಾರ್ಡ್ ತೆಗೆದು ಜಿ, ಪಿ, ಎಲ್, ಎ ಎಂಬ ಅಕ್ಷರಗಳ ಸಾಲು ಹುಡುಕಿ. ಎ ಮುಂದೆ 1 ಅಂತ ಇರಬೇಕು. ಸೊನ್ನೆ ಇದ್ದರೆ, ಆ ಅಬಾರ್ಷನ್ ವಿಷಯ ನಿಮ್ಮ ಡಾಕ್ಟರಿಗೆ ಗೊತ್ತೇ ಇಲ್ಲ ಎಂದರ್ಥ. ನಾಳೆಯೇ ಹೋಗಿ ಹೇಳಿ. ಮಗಳ ಹೆರಿಗೆಯ ಡಿಸ್ಚಾರ್ಜ್ ಚೀಟಿ, ಕ್ಲೀನ್ ಮಾಡಿಸಿದ ಕಡೆಯ ಚೀಟಿ ಎರಡನ್ನೂ ಹುಡುಕಿಸಿ. ಅದರಲ್ಲಿ "ಆಂಟಿ-ಡಿ 300" ಎಂದು ಎಲ್ಲಾದರೂ ಬರೆದಿದೆಯೇ ನೋಡಿ. ನೆನಪನ್ನು ನಂಬಬೇಡಿ, ಕಾಗದ ನೋಡಿ. ಕಾಗದ ಸಿಗದಿದ್ದರೂ ಕೈಚೆಲ್ಲಬೇಕಿಲ್ಲ, ಐಸಿಟಿ ಇರುವುದೇ ಅದಕ್ಕೆ.

ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್ ಎಂಬುದರ ಮೊದಲಕ್ಷರಗಳು ಈ ಐಸಿಟಿ. ನಿಮ್ಮ ದೇಹ ಆ ಪಾಠ ಕಲಿತಿದೆಯೋ ಇಲ್ಲವೋ ಎಂದು ಅದು ಹೇಳುತ್ತದೆ. ತೋಳಿನಿಂದ ಒಂದಿಷ್ಟು ರಕ್ತ ತೆಗೆಯುತ್ತಾರೆ, ಮಗುವಿಗೆ ಏನೂ ಆಗುವುದಿಲ್ಲ. ಬಸಿರು ಗೊತ್ತಾದಾಗಲೇ ಒಮ್ಮೆ, 28 ವಾರಕ್ಕೆ ಮತ್ತೊಮ್ಮೆ ಮಾಡಿಸುವುದು ಕ್ರಮ. ನೀವು ಈಗಲೇ ಮಾಡಿಸಿ. ಆಮೇಲೆ ದಾರಿ ಎರಡಾಗಿ ಕವಲೊಡೆಯುತ್ತದೆ.

ನೆಗೆಟಿವ್ ಬಂದರೆ, ಅಂದರೆ ಪ್ರತಿಕಾಯ ಇಲ್ಲದಿದ್ದರೆ, ನಿಟ್ಟುಸಿರು ಬಿಡಿ. 28 ವಾರಕ್ಕೆ ಆಂಟಿ-ಡಿ 300 ಮೈಕ್ರೋಗ್ರಾಂ ಇಂಜೆಕ್ಷನ್. ಹೆರಿಗೆಯಾದ ಮೇಲೆ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಇನ್ನೊಂದು. ನಿಮ್ಮೊಳಗೆ ಸೇರಿದ ಮಗುವಿನ ರಕ್ತಕಣಗಳನ್ನು, ದೇಹ ಅವುಗಳ ಗುರುತು ಹಿಡಿಯುವ ಮೊದಲೇ, ಈ ಔಷಧಿ ಗುಡಿಸಿ ಹಾಕುತ್ತದೆ. ಇದು ಬರುವ ಮೊದಲಿನ ಕಾಲದಲ್ಲಿ ಪಾಸಿಟಿವ್ ಮಗು ಹೆತ್ತ ನೆಗೆಟಿವ್ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಪ್ರತಿಕಾಯ ಹುಟ್ಟುತ್ತಿತ್ತು. ಹೆರಿಗೆಯ ನಂತರದ ಇಂಜೆಕ್ಷನ್ ಅದನ್ನು ಒಂದೆರಡಕ್ಕೆ ಇಳಿಸಿತು. 28 ವಾರದ್ದೂ ಸೇರಿದರೆ ಸಾವಿರಕ್ಕೆ ಎರಡು ಮೂರು ಅಷ್ಟೇ. ಅಡ್ಡ ಪರಿಣಾಮ ಎಂದರೆ ಚುಚ್ಚಿದ ಜಾಗದಲ್ಲಿ ನೋವು, ಕೆಲವರಿಗೆ ಸಣ್ಣ ಜ್ವರ. ಅಲರ್ಜಿ ಬಹಳ ಅಪರೂಪ, ಆದರೂ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕುಳಿತಿರಿ. ನಡುವೆ ರಕ್ತಸ್ರಾವವಾದರೆ, ಬೈಕಿನಿಂದ ಬಿದ್ದರೆ, ಹೊಟ್ಟೆಗೆ ಪೆಟ್ಟು ಬಿದ್ದರೆ ಆಗಲೂ ಇದು ಬೇಕಾಗುತ್ತದೆ, ತಡಮಾಡದೆ ಹೋಗಿ. 72 ಗಂಟೆ ದಾಟಿತೆಂದು ಬಿಟ್ಟುಬಿಡುವುದೂ ತಪ್ಪು. ತಡವಾಗಿ ಕೊಟ್ಟರೂ ಹತ್ತು ದಿನದವರೆಗೆ ಸ್ವಲ್ಪ ಉಪಯೋಗ ಇದ್ದೇ ಇದೆ.

ಇದರ ಜೊತೆ ಎರಡು ಸಣ್ಣ ವಿಷಯ. 28 ವಾರದ ಐಸಿಟಿಗೆ ರಕ್ತ ಕೊಟ್ಟ ಮೇಲೆಯೇ ಇಂಜೆಕ್ಷನ್ ಹಾಕಿಸಿಕೊಳ್ಳಿ. ಮೊದಲೇ ಹಾಕಿಸಿಕೊಂಡರೆ ಔಷಧಿಯ ಪ್ರತಿಕಾಯವೇ ಪರೀಕ್ಷೆಯಲ್ಲಿ ಕಾಣಿಸಿ ಎಲ್ಲರನ್ನೂ ಗಾಬರಿಗೊಳಿಸುತ್ತದೆ. ಎರಡನೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಇದೆಯೇ ಎಂದು ಮೊದಲೇ ವಿಚಾರಿಸಿಡಿ. ಹೊರಗಿನ ಮೆಡಿಕಲ್ ಸ್ಟೋರಿನಲ್ಲಿ ಕೊಂಡರೆ ಸಾವಿರಗಳಲ್ಲಿ ಆಗುತ್ತದೆ. ಕೊಂಡು ತರಬೇಕಾಗಿ ಬಂದರೆ ಅದು ತಂಪಿನಲ್ಲೇ ಬರಬೇಕು, 2ರಿಂದ 8 ಡಿಗ್ರಿ. ತುಮಕೂರಿನಲ್ಲಿ ಕೊಂಡು ಅಂಗಿ ಜೇಬಿನಲ್ಲಿಟ್ಟುಕೊಂಡು, ಏಪ್ರಿಲ್ ಬಿಸಿಲಲ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಮಧುಗಿರಿಗೆ ತಂದುಕೊಟ್ಟ ಒಬ್ಬ ಗಂಡನ ಮುಖ ನನಗೆ ಇನ್ನೂ ನೆನಪಿದೆ. ಸಾಲ ಮಾಡಿ ತಂದಿದ್ದ. ಅದನ್ನು ಹಾಕುವಂತಿಲ್ಲ ಎಂದು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಐಸ್ ತುಂಡು ಹಾಕಿದ ಫ್ಲಾಸ್ಕಿನಲ್ಲಿ ತನ್ನಿ, ಸೀಸೆ ನೇರವಾಗಿ ಐಸಿಗೆ ತಗುಲದಂತೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದರೂ ಔಷಧಿ ಕೆಡುತ್ತದೆ.

ಈ ಔಷಧಿಯ ಹೆಚ್ಚಿನ ಪಾಲು ಇವತ್ತಿಗೂ ಮನುಷ್ಯರು ದಾನ ಕೊಟ್ಟ ರಕ್ತದಿಂದಲೇ ಬರುತ್ತದೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿತ್ತು. 1954ರಿಂದ 2018ರವರೆಗೆ, 81 ವರ್ಷ ತುಂಬುವ ತನಕ, ಅವರು 1,173 ಸಲ ದಾನ ಕೊಟ್ಟರು. 2025ರಲ್ಲಿ ತೀರಿಕೊಂಡರು. ಬಸುರಿಯರಿಗೆ ಈ ಸೂಜಿ ಚುಚ್ಚಿಸುವಾಗೆಲ್ಲ ನನಗೆ ಅವರ ಹೆಸರು ನೆನಪಾಗುತ್ತದೆ.

ಇನ್ನು ಐಸಿಟಿ ಪಾಸಿಟಿವ್ ಬಂದರೆ. ಆಗ ಆಂಟಿ-ಡಿಯಿಂದ ಪ್ರಯೋಜನವಿಲ್ಲ, ಪಾಠ ಕಲಿತಾಗಿದೆ. "ಆದರೂ ಒಂದು ಹಾಕಿಬಿಡಿ" ಎಂದು ಯಾರಾದರೂ ಹೇಳಿದರೆ ದುಡ್ಡು ಕಳೆಯಬೇಡಿ. ಪ್ರತಿಕಾಯ ಎಷ್ಟಿದೆ ಎಂದು ಅಳೆಯುತ್ತಾರೆ. ವರದಿಯಲ್ಲಿ 1:8, 1:16, 1:32 ಎಂದು ಬರುತ್ತದೆ, ಬಲಗಡೆಯ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. ಸಾಮಾನ್ಯವಾಗಿ 16 ಅಥವಾ 32 ಮುಟ್ಟಿದರೆ ಡಾಪ್ಲರ್ ಸ್ಕ್ಯಾನ್ ಬೇಕು. ಮಗುವಿನ ಮೆದುಳಿನ ಒಂದು ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಅದರಲ್ಲಿ ನೋಡುತ್ತಾರೆ. ಗಟ್ಟಿ ಮಜ್ಜಿಗೆ ನಿಧಾನ, ನೀರು ಮಜ್ಜಿಗೆ ಸರಾಗ. ರಕ್ತಹೀನತೆಯಾದ ಮಗುವಿನ ರಕ್ತವೂ ತೆಳುವಾಗಿ ಓಡುತ್ತದೆ. ಆ ವೇಗದಿಂದಲೇ, ಸೂಜಿ ತಾಗಿಸದೆ, ಮಗುವಿಗೆ ರಕ್ತ ಕಡಿಮೆಯಾಗಿದೆಯೇ ಎಂದು ಅಂದಾಜು ಸಿಗುತ್ತದೆ. ತೀರಾ ಕಡಿಮೆಯಾಗಿದ್ದರೆ ಹೊಟ್ಟೆಯೊಳಗಿರುವಾಗಲೇ ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ರಕ್ತ ಕೊಡುತ್ತಾರೆ. ಇದು ಸಣ್ಣ ಕೆಲಸವಲ್ಲ. ಪ್ರತಿ ಸಲಕ್ಕೂ ನೂರರಲ್ಲಿ ಒಂದೆರಡು ಮಗುವಿಗೆ ಜೀವಾಪಾಯ ಇದೆ, ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮಾಡಬೇಕಾಗಿಯೂ ಬರಬಹುದು. ಆದರೂ ಅನುಭವಿ ಕೈಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತವೆ. ಈ ದಾರಿಗೆ ಬಂದರೆ ಮಾತ್ರ ನಿಮಗೆ ಬೆಂಗಳೂರು ಬೇಕು, ಅದೂ ಗರ್ಭಸ್ಥ ಶಿಶು ಚಿಕಿತ್ಸೆಯ ತಜ್ಞರಿರುವ ಕಡೆ. ಹೆರಿಗೆಯನ್ನು 37–38 ವಾರಕ್ಕೇ ಮಾಡಿಸುತ್ತಾರೆ.

ಅಪ್ಪ ಪಾಸಿಟಿವ್ ಆದ ಮಾತ್ರಕ್ಕೆ ಮಕ್ಕಳೆಲ್ಲ ಪಾಸಿಟಿವ್ ಆಗಬೇಕೆಂದಿಲ್ಲ. ಅವರು ತಂದೆ ತಾಯಿ ಇಬ್ಬರಿಂದಲೂ ಡಿ ಗುರುತು ಪಡೆದಿದ್ದರೆ ಮಕ್ಕಳೆಲ್ಲ ಪಾಸಿಟಿವ್, ಒಬ್ಬರಿಂದ ಮಾತ್ರ ಪಡೆದಿದ್ದರೆ ಅರ್ಧಕ್ಕರ್ಧ ಸಾಧ್ಯತೆ. ನಿಮ್ಮ ಅತ್ತೆ ಮಾವನವರ ರಕ್ತದ ಗುಂಪು ಒಮ್ಮೆ ನೋಡಿಸಿ. ಅವರಲ್ಲಿ ಒಬ್ಬರು ನೆಗೆಟಿವ್ ಆಗಿದ್ದರೆ ನಿಮ್ಮ ಈ ಮಗು ನೆಗೆಟಿವ್ ಆಗಲು ಅರ್ಧ ಅವಕಾಶ ಇದೆ, ನೆಗೆಟಿವ್ ಆದರೆ ಡಿ ಗುರುತಿನ ಈ ತಾಪತ್ರಯ ಯಾವುದೂ ಇಲ್ಲ. ಸೋದರಮಾವನ ಮಗನನ್ನು ಮದುವೆಯಾದದ್ದರಿಂದ ಹೀಗಾಯಿತು ಎಂಬ ಅಳುಕು ನಿಮ್ಮ ಕಾಗದದಲ್ಲಿ ಇಣುಕುತ್ತಿದೆ. ಈ ಒಂದು ವಿಷಯದಲ್ಲಿ ಅದು ನಿಜವಲ್ಲ. ಒಂದೇ ವಂಶದವರಾದ್ದರಿಂದ ಅವರಲ್ಲೂ ನೆಗೆಟಿವ್ ಅಂಶ ಅಡಗಿರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚೇ. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳ ಭಯ ಇದೆ, ಅದು ನಿಜ. ಹಾಗಾಗಿ ಐದನೇ ತಿಂಗಳ ಸ್ಕ್ಯಾನ್ ವರದಿಯನ್ನು ಡಾಕ್ಟರಿಗೆ ತೋರಿಸಿದ್ದೀರಿ ತಾನೇ?

ಈಗ ಹೆರಿಗೆಯ ನಂತರದ ಮಾತು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮಕ್ಕಳ ವೈದ್ಯೆಯಾಗಿ ಈ ಜಿಲ್ಲೆಯಲ್ಲಿ ಕಳೆದ ವರ್ಷಗಳಲ್ಲಿ ನಾನು ಕಳೆದುಕೊಂಡ ಸಮಾಧಾನವೆಲ್ಲ ಇಲ್ಲೇ.

ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಹೊಟ್ಟೆಯಲ್ಲಿರುವಾಗ ಅದನ್ನು ಅಮ್ಮನ ಲಿವರ್ ಹೊರಹಾಕುತ್ತದೆ. ಹುಟ್ಟಿದ ಮೇಲೆ ಮಗುವಿನ ಎಳೆಯ ಲಿವರ್ ಒಂದೇ ಆ ಕೆಲಸ ಮಾಡಬೇಕು. ಅದಕ್ಕೇ ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಒಂದಿಷ್ಟು ಕಾಮಾಲೆ ಕಾಣಿಸಿಕೊಳ್ಳುತ್ತದೆ. ಎರಡು ಮೂರನೇ ದಿನ ಶುರುವಾಗಿ, ಮೂರರಿಂದ ಐದನೇ ದಿನಕ್ಕೆ ಏರಿ, ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಇದು ರೋಗವಲ್ಲ. ಆದರೆ ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅದು ಯಾವತ್ತೂ ಸಹಜವಲ್ಲ. ನಿಮ್ಮಂಥ ತಾಯಿಯ ಮಗುವಿನಲ್ಲಂತೂ ಒಂದು ಗಂಟೆಯೂ ಕಾಯಬಾರದು. ಬಿಲಿರುಬಿನ್ ಮಿತಿಮೀರಿದರೆ ಮೆದುಳಿಗೆ ಇಳಿಯುತ್ತದೆ. ಒಮ್ಮೆ ಇಳಿದು ಮಾಡಿದ ಹಾನಿಯನ್ನು ಯಾರೂ ತಿರುಗಿ ಸರಿಮಾಡಲಾರರು.

ತೊಡಕು ಎಲ್ಲಿದೆ ಗೊತ್ತೇ? ಸಹಜ ಹೆರಿಗೆಯಾದರೆ ಎರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಕಾಮಾಲೆ ಏರುವುದು ಅದಾದ ಮೇಲೆ, ನಮ್ಮ ಬಾಣಂತಿ ಕೋಣೆಯಲ್ಲಿ. ಆ ಕೋಣೆ ನಿಮಗೂ ಗೊತ್ತು. ಕಿಟಕಿ ಮುಚ್ಚಿದೆ, ಬಾಗಿಲಿಗೆ ಕಂಬಳಿ, ಸಾಂಬ್ರಾಣಿ ಹೊಗೆ, ಮೂಲೆಯಲ್ಲಿ ಕೆಂಡದ ಬೋಗುಣಿ, ಮೇಲೆ ಹಳದಿ ಬಲ್ಬು. ಮಗುವಿಗೆ ಅರಿಶಿನ ಹಚ್ಚಿ ನೀರೆರೆದಿರುತ್ತಾರೆ, ತಾಯಿಯ ಕೆನ್ನೆಯಲ್ಲೂ ಅರಿಶಿನ. ಅಂಥ ಕಡೆ ಹಳದಿಯನ್ನು ಯಾರು ಕಂಡುಹಿಡಿಯಬೇಕು? ಪಾವಗಡ ಕಡೆಯಿಂದ ಐದನೇ ದಿನ ಒಂದು ಮಗುವನ್ನು ತಂದಿದ್ದರು. ಅಜ್ಜಿ ಅದನ್ನು "ಬಂಗಾರದ ಕೂಸು" ಎಂದು ಮುದ್ದು ಮಾಡುತ್ತಿದ್ದರಂತೆ. ನಾನು ಅದರ ಅಂಗಾಲನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟೆ. ಒತ್ತಿದ ಜಾಗ ಮಾವಿನ ತಿರುಳಿನ ಬಣ್ಣಕ್ಕೆ ತಿರುಗಿತು. ಹಾಲು ಚೀಪುತ್ತಿರಲಿಲ್ಲ, ಕೈಕಾಲು ಬಟ್ಟೆಯ ಹಾಗೆ ಜೋತಾಡುತ್ತಿದ್ದವು, ಅತ್ತರೆ ಬೆಕ್ಕಿನ ಮರಿಯ ಹಾಗೆ ಕೀಚಲು ದನಿ. ಹೊಟ್ಟೆಯ ಮೇಲೆ ಬರೆಯ ಎರಡು ಹಸಿ ಗಾಯ. ರಕ್ತ ಬದಲಾಯಿಸಿದೆವು, ಮಗು ಉಳಿಯಿತು. ಈಗ ಶಾಲೆಗೆ ಹೋಗುವ ವಯಸ್ಸು. ಅವನಿಗೆ ಕಿವಿ ಕೇಳುವುದಿಲ್ಲ. ಆ ಅಜ್ಜಿಯಷ್ಟು ಆ ಮಗುವನ್ನು ಪ್ರೀತಿಸಿದವರು ಇನ್ನೊಬ್ಬರಿರಲಿಲ್ಲ.

ಹಾಗಾಗಿ ಬಿಸಿಲಿನ ಬಗ್ಗೆ ನನ್ನ ಉತ್ತರ: ಬೆಳಕು ಬೇಕು, ಆದರೆ ನೋಡುವುದಕ್ಕೆ. ದಿನಕ್ಕೆ ಎರಡು ಸಲ ಮಗುವಿನ ಬಟ್ಟೆ ಬಿಚ್ಚಿ, ಹಗಲು ಬೆಳಕು ಬೀಳುವ ಬಾಗಿಲ ಹತ್ತಿರ ತನ್ನಿ. ಮೊದಲ ಎರಡು ವಾರ ಅರಿಶಿನ ಹಚ್ಚುವುದು ಬೇಡ. ಹಣೆ, ಎದೆ, ಹೊಕ್ಕುಳ ಕೆಳಗೆ, ತೊಡೆ, ಅಂಗಾಲು, ಹೀಗೆ ಒಂದೊಂದೇ ಕಡೆ ಬೆರಳಿಂದ ಒತ್ತಿ ಬಿಟ್ಟು ಚರ್ಮದ ಬಣ್ಣ ನೋಡಿ. ಕಾಮಾಲೆ ಮುಖದಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ. ಹೊಟ್ಟೆ ದಾಟಿದ್ದರೆ ಅವತ್ತೇ ರಕ್ತಪರೀಕ್ಷೆ. ಅಂಗೈ, ಅಂಗಾಲು ಹಳದಿಯಾಗಿದ್ದರೆ, ಮಗು ಹಾಲು ಬಿಟ್ಟಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಬೆನ್ನು ಬಿಲ್ಲಿನಂತೆ ಬಗ್ಗಿಸುತ್ತಿದ್ದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ 108ಕ್ಕೆ ಫೋನ್ ಮಾಡಿ. ನಮ್ಮ ಮಕ್ಕಳ ಚರ್ಮದ ಬಣ್ಣದಲ್ಲಿ ಕಣ್ಣಂದಾಜು ಡಾಕ್ಟರಿಗೂ ತಪ್ಪುತ್ತದೆ. ಅದಕ್ಕೇ ಕಾಮಾಲೆ ಕಾಣಲಿ ಬಿಡಲಿ, ಮನೆಗೆ ಬಂದಿದ್ದರೂ, ಹುಟ್ಟಿದ ಮೂರು ಅಥವಾ ನಾಲ್ಕನೇ ದಿನ ನಿಮ್ಮ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ ಮನೆಗೆ ಬರಬೇಕು. ಅವರನ್ನು ಹೊಸಿಲಾಚೆಯೇ ಮಾತಾಡಿಸಿ ಕಳಿಸದೆ, ಮಗುವನ್ನು ಬೆಳಕಿಗೆ ತಂದು ತೋರಿಸಿ.

ಬಿಸಿಲಿಗೆ ಹಿಡಿದರೆ ಕಾಮಾಲೆ ಇಳಿಯುತ್ತದೆ ಎಂಬ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಎಂಬವರು ಎಳೆ ಮಕ್ಕಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈ ತಿಳಿಯಾಗಿ, ಬಟ್ಟೆಯ ಅಂಚು ಮುಚ್ಚಿದ್ದ ಜಾಗ ಮಾತ್ರ ಹಳದಿಯಾಗಿಯೇ ಉಳಿದದ್ದು ಅವರ ಕಣ್ಣಿಗೆ ಬಿತ್ತು. ಇವತ್ತಿನ ಲೈಟು ಬಂದದ್ದು ಆ ನರ್ಸಿನ ಕಣ್ಣಿನಿಂದ. ಆದರೆ ಕೆಲಸ ಮಾಡುವುದು ಬಿಸಿಲಿನ ಕಾವಲ್ಲ, ಅದರೊಳಗಿನ ನೀಲಿ ಬೆಳಕು. ಅದು ಚರ್ಮದಲ್ಲಿರುವ ಬಿಲಿರುಬಿನ್‌ನ ರೂಪ ಬದಲಿಸಿ ಮಲಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ. ಹತ್ತು ನಿಮಿಷದ ಎಳೆಬಿಸಿಲಿನಲ್ಲಿ ಸಿಗುವ ನೀಲಿ ಬೆಳಕು ಏನೇನೂ ಸಾಲದು. ಹೆಚ್ಚು ಹೊತ್ತು ಹಿಡಿದರೆ ಮಗು ಒಣಗುತ್ತದೆ, ಚಳಿಗಾಲದ ಬೆಳಗಾದರೆ ಮೈ ತಣ್ಣಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ, "ಬಿಸಿಲಿಗೆ ಹಿಡೀತಾ ಇದೀವಲ್ಲ" ಎಂದು ಎರಡು ದಿನ ಕಳೆದುಹೋಗುವುದು.

ಆಸ್ಪತ್ರೆಯ ಲೈಟಿಗೆ ಹೆದರಬೇಡಿ. ಕಣ್ಣಿಗೆ ಪಟ್ಟಿ ಕಟ್ಟಿ, ಒಂದು ಚಡ್ಡಿಯಲ್ಲಿ ಮಲಗಿಸುತ್ತಾರೆ. ಹಸಿರಾಗಿ ತೆಳುಭೇದಿ ಆಗಬಹುದು, ಮೈಮೇಲೆ ಸಣ್ಣ ಗುಳ್ಳೆ ಏಳಬಹುದು, ನೀರಿನಂಶ ಕಡಿಮೆಯಾಗಬಹುದು. ಅದಕ್ಕೆ ಎರಡು ಗಂಟೆಗೊಮ್ಮೆ ಎತ್ತಿ ಹಾಲು ಕೊಡಿ. ಲೈಟು ನಿಲ್ಲಿಸಿದ ಮೇಲೆ ಮತ್ತೆ ಏರುವುದುಂಟು, ಮರುಪರೀಕ್ಷೆ ಆಗದೆ ಹೊರಡಬೇಡಿ. "ಪಕ್ಕದ ಮಗುವಿಗೆ ಬಿಲಿರುಬಿನ್ 12 ಇದ್ದರೂ ಮನೆಗೆ ಕಳಿಸಿದರು, ನಮ್ಮ ಮಗುವಿಗೆ 12 ಇದ್ದರೆ ಯಾಕೆ ಲೈಟು" ಎಂದು ಜಗಳ ಮಾಡುವವರಿದ್ದಾರೆ. ಒಂದು ದಿನದ ಮಗುವಿನಲ್ಲಿ 12 ಎಂದರೆ ಗಂಭೀರ, ಐದು ದಿನದ ಆರೋಗ್ಯವಂತ ಮಗುವಿನಲ್ಲಿ ಅದಕ್ಕೆ ಲೈಟೇ ಬೇಕಿಲ್ಲ. ಅಂಕಿಯನ್ನು ಮಗುವಿನ ವಯಸ್ಸಿನ ಗಂಟೆಗಳ ಜೊತೆ ಇಟ್ಟು ಓದಬೇಕು. ಲೈಟಿಗೂ ಬಗ್ಗದಿದ್ದರೆ ಹೊಕ್ಕುಳಿನ ಮೂಲಕ ಸ್ವಲ್ಪ ಸ್ವಲ್ಪವೇ ರಕ್ತ ತೆಗೆದು ಹೊಸ ರಕ್ತ ತುಂಬುತ್ತಾರೆ. ಅದರಲ್ಲಿ ಸೋಂಕು, ಹೃದಯದ ಬಡಿತ ಏರುಪೇರಾಗುವುದು ಮುಂತಾದ ಅಪಾಯ ಇದೆ. ಈಗ ಅದು ಬೇಕಾಗುವುದು ಅಪರೂಪ.

ಕತ್ತೆ ಹಾಲು ಬೇಡವೇ ಬೇಡ. ನಮ್ಮ ಬೀದಿಗಳಲ್ಲಿ ಕತ್ತೆ ಹೊಡೆದುಕೊಂಡು ಬಂದು ಒಳಲೆ ಲೆಕ್ಕದಲ್ಲಿ ಮಾರುತ್ತಾರೆ. ಕುದಿಸದ ಹಾಲು, ತೊಳೆಯದ ಕೈ, ಎಳೆ ಕರುಳಿಗೆ ಸೋಂಕು. ಹರಳೆಣ್ಣೆ, ಜೇನು, ಸಕ್ಕರೆ ನೀರು ಕೂಡ ಬೇಡ. ಕಪ್ಪಗೆ ಅಂಟಂಟಾಗಿ ಹೋಗುವ ಮೊದಲ ಮಲದಲ್ಲಿ ಬಿಲಿರುಬಿನ್ ತುಂಬಿರುತ್ತದೆ, ಅದು ಬೇಗ ಹೋದಷ್ಟೂ ಒಳ್ಳೆಯದು. ಅದಕ್ಕೆ ನಿಮ್ಮ ಗಿಣ್ಣುಹಾಲಿಗಿಂತ ಒಳ್ಳೆಯ ಔಷಧಿ ಇಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿ. ನಿಮ್ಮ ನೆಗೆಟಿವ್ ರಕ್ತದಿಂದಾಗಿ ಎದೆಹಾಲಿಗೆ ಯಾವ ದೋಷವೂ ಇಲ್ಲ. ಬರೆ ಹಾಕುವುದು ಸುಟ್ಟ ಗಾಯ, ಅಷ್ಟೇ. ಅದರಿಂದ ಕೀವಾಗಿ ರಕ್ತಕ್ಕೆ ನಂಜೇರಿ ಸತ್ತ ಮಕ್ಕಳಿದ್ದಾರೆ. ಇನ್ನೊಂದು ಮಾತು: ಮಗಳ ಹಳೆಯ ಬಟ್ಟೆಗಳನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಎತ್ತಿಟ್ಟಿದ್ದರೆ ಹಾಗೇ ತೆಗೆದು ತೊಡಿಸಬೇಡಿ. ಕೆಲವು ಮಕ್ಕಳಲ್ಲಿ ಆ ಗುಳಿಗೆಯ ಗಾಳಿಯೇ ರಕ್ತಕಣ ಒಡೆಯುತ್ತದೆ. ಒಗೆದು, ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ.

ಹಿರಿಯರ ಮಾತನ್ನೆಲ್ಲ ತಳ್ಳಿಹಾಕಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುವ ಕೈ ಅದು. ಆದರೆ ರಕ್ತದ ಗುಂಪು ಎಂಥ ಕೈಗೂ ಸಿಗುವುದಿಲ್ಲ.

ಎಲ್ಲಿ ಹೆರಿಗೆ ಎಂಬುದಕ್ಕೆ ಬರೋಣ. ಐಸಿಟಿ ಎರಡೂ ಸಲ ನೆಗೆಟಿವ್ ಇದ್ದರೆ ಬೆಂಗಳೂರು ಬೇಕಿಲ್ಲ. ನಾನಾಗಿದ್ದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನು ಆರಿಸುತ್ತೇನೆ. ಅಲ್ಲಿ ರಕ್ತನಿಧಿ ಇದೆ, ನವಜಾತ ಶಿಶುಗಳ ಘಟಕ ಇದೆ, ಓ ನೆಗೆಟಿವ್ ರಕ್ತ ಬೇಕಾದರೆ ನಿಮಗಾಗಲಿ ಮಗುವಿಗಾಗಲಿ ಹುಡುಕುವ ದೂರ ಕಡಿಮೆ. ಮಧುಗಿರಿಯಲ್ಲೇ ಆಗಲಿ ಎಂದರೆ ಹೆರಿಗೆಗೆ ಮುಂಚೆಯೇ ಮೂರು ವಿಷಯ ಕೇಳಿ: ಮಕ್ಕಳ ಡಾಕ್ಟರು ಇರುತ್ತಾರಾ, ಲೈಟಿನ ವ್ಯವಸ್ಥೆ ಇದೆಯಾ, ಬಿಲಿರುಬಿನ್ ವರದಿ ಅದೇ ದಿನ ಸಿಗುತ್ತಾ. ಮೂರಕ್ಕೂ ಹೌದು ಎಂದರೆ ತೊಂದರೆಯಿಲ್ಲ. ಎಲ್ಲೇ ಆಗಲಿ, ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗುಂಪು, ರಕ್ತಕಣಕ್ಕೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಡೈರೆಕ್ಟ್ ಕೂಂಬ್ಸ್, ಹಿಮೋಗ್ಲೋಬಿನ್, ಬಿಲಿರುಬಿನ್ ಕಳಿಸಲು ಹೇಳಿ. "ತಾಯಿ ಓ ನೆಗೆಟಿವ್" ಎಂದು ಕೆಂಪು ಶಾಯಿಯಲ್ಲಿ ತಾಯಿ ಕಾರ್ಡಿನ ಮೇಲೆ ಬರೆಸಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಪರೀಕ್ಷೆ, ರಕ್ತ, ಮಗುವಿನ ಚಿಕಿತ್ಸೆ, ಓಡಾಟದ ವಾಹನ ಉಚಿತ. ಅದನ್ನು ಕೇಳಲು ಸಂಕೋಚ ಬೇಡ.

ಮಗುವಿಗೆ ರಕ್ತಕಣ ಒಡೆಯುವ ತೊಂದರೆ ಇತ್ತು ಎಂದಾದರೆ ಕಾಮಾಲೆ ಇಳಿದ ಮೇಲೂ ಪ್ರತಿಕಾಯಗಳು ಕೆಲವು ವಾರ ಕೆಲಸ ಮಾಡುತ್ತಲೇ ಇರುತ್ತವೆ. ಹಾಗಾಗಿ ಆರೆಂಟು ವಾರ ಆಗಾಗ ಹಿಮೋಗ್ಲೋಬಿನ್ ನೋಡಿಸಬೇಕು, ಬಿಲಿರುಬಿನ್ ಬಹಳ ಏರಿದ್ದರೆ ಕಿವಿಯ ಪರೀಕ್ಷೆಯನ್ನೂ ಮಾಡಿಸಬೇಕು. ಎರಡು ವಾರವಾದರೂ ಹಳದಿ ಹೋಗದಿದ್ದರೆ, ಮಲ ಸುಣ್ಣದ ಹಾಗೆ ಬೆಳ್ಳಗೆ ಇದ್ದು ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಪಿತ್ತನಾಳದ್ದು. ಅದರ ಆಪರೇಷನ್ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ತಜ್ಞರ ತಪಾಸಣೆ ಇರುತ್ತದೆ. ಅದಕ್ಕೆ ಕಾಯದೆ ಐಸಿಟಿ ಈ ವಾರವೇ ಕೊಡಿ, ವರದಿಯನ್ನು ಹಳೆಯ ಚೀಟಿಗಳ ಜೊತೆ ಒಂದೇ ಕವರಿನಲ್ಲಿ ಹಾಕಿ 9ಕ್ಕೆ ಒಯ್ಯಿರಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ರಕ್ತದ ಗುಂಪನ್ನೂ ಅವತ್ತೇ ನೋಡಿಸಿಬಿಡಿ. ವರದಿ ಬಂದ ಮೇಲೆ ಅದರ ಅಂಕಿ ಸಮೇತ ನನಗೆ ಬರೆಯಿರಿ.